ಬಲ್ಗೇರಿಯಾಕ್ಕೆ ಹೊರಟ ಕ್ರಿಪ್ಟೋ ಹುಡುಗರಿಗೆ: ನಾಲ್ಕು ಮಾತು, ಜೇಬಲ್ಲಿ ಚಿಲ್ಲರೆ

ಸಾಗರದಲ್ಲಿರೋ ನಮ್ಮ ಚಿಕ್ಕಪ್ಪನ ಮಗ ಮುಂದಿನ ತಿಂಗಳು ಬಲ್ಗೇರಿಯಾದ ರಾಜಧಾನಿ ಸೋಫಿಯಾಕ್ಕೆ ಹೊರಟಿದಾನೆ, ದಿನಾ ರಾತ್ರಿ ಫೋನು, ಅಣ್ಣಾ ಅದು ಹೆಂಗೆ ಇದು ಹೆಂಗೆ ಅಂತ. ನಾನು ಈ ವರ್ಷ ಮಾರ್ಚಲ್ಲಿ ಹೋಗ್ಬಂದೆ, ಅವನಿಗೆ ಹೇಳಿದ್ದನ್ನೇ ಇಲ್ಲಿ ಟೈಪ್ ಮಾಡಿ ಹಾಕ್ತಿದೀನಿ, ಇನ್ಯಾರಿಗಾದ್ರೂ ಆಗ್ಲಿ.

ಮೊದಲು ತಲೆ ವಿಷಯ. ಅಲ್ಲಿ ತಲೆಯನ್ನ ಆ ಕಡೆ ಈ ಕಡೆ ಆಡಿಸಿದ್ರೆ ಹೌದು ಅಂತ, ಗಲ್ಲ ಮೇಲೆತ್ತಿದ್ರೆ ಇಲ್ಲ ಅಂತ. ಬೇರೆ ದೇಶದವರು ತುಂಬ ಜನ ಇದಕ್ಕೆ ಕಕ್ಕಾಬಿಕ್ಕಿ ಆಗ್ತಾರೆ, ನಮಗೆ ಅಷ್ಟೇನಿಲ್ಲ. ನಮ್ಮಜ್ಜಿ "ಇನ್ನೊಂದು ಕಡುಬು ಬೇಕಾ" ಅಂದ್ರೆ ನಾಲಿಗೆಯಲ್ಲಿ ಚ್ಚ್ ಅಂದು ಗಲ್ಲ ಎತ್ತೋದು, ಅದೇ ಲೆಕ್ಕ. ಆದ್ರೆ ವಿದೇಶದವರನ್ನ ನೋಡಿ ನೋಡಿ ರೂಢಿ ಆದ ಕೆಲವರು ನಮ್ಮ ಅನುಕೂಲಕ್ಕೆ ಅಂತ ಉಲ್ಟಾ ಆಡಿಸ್ತಾರೆ, ಆಗ ಪೂರ್ತಿ ಗೊಂದಲ. ಅದಕ್ಕೆ ತಲೆ ನಂಬಬೇಡಿ, ಬಾಯಿ ಕೇಳಿ: "ದಾ" ಅಂದ್ರೆ ಹೌದು, "ನೆ" ಅಂದ್ರೆ ಇಲ್ಲ. ದುಡ್ಡಿನ ವಿಷಯ ಇದ್ರೆ ಎರಡು ಸಲ ಕೇಳಿ.

ಲಿಪಿ ಸಿರಿಲಿಕ್. ಹೆದರೋದು ಬೇಡ, ಆದ್ರೆ ಇಂಗ್ಲಿಷ್ ಥರ ಕಾಣೋ ಅಕ್ಷರಗಳೇ ಮೋಸ ಮಾಡೋದು. ಪಿ ಥರ ಕಾಣೋದು ರ, ಸಿ ಥರ ಕಾಣೋದು ಸ, ಎಚ್ ಥರದ್ದು ನ, ಬಿ ಥರದ್ದು ವ. ಮೊದಲನೇ ದಿನ ನಾನು "ಪೆಕ್ಟೋಪಾಹ್ಟ್" ಅಂತ ಬೋರ್ಡು ಓದಿ ಇದ್ಯಾವುದಪ್ಪ ಅಂತ ಮ್ಯಾಪಲ್ಲಿ ಹುಡುಕ್ತಾ ನಿಂತಿದ್ದೆ, ನೋಡಿದ್ರೆ ಅದು "ರೆಸ್ಟೋರಾಂತ್", ಹೋಟ್ಲು ಮಾರಾಯ. ವಿಮಾನದಲ್ಲಿ ಕೂತು ಎರಡು ಗಂಟೆ ಅಭ್ಯಾಸ ಮಾಡಿದ್ರೆ ಬೋರ್ಡು ಓದೋಕೆ ಬರುತ್ತೆ, 30 ಅಕ್ಷರ ಅಷ್ಟೇ, ನಮ್ಮ ಒತ್ತಕ್ಷರ ಕಲಿತವರಿಗೆ ಇದೇನು ದೊಡ್ಡದಲ್ಲ.

ಇನ್ನು ಮಾತು. ದಾರೀಲಿ, ಅಂಗಡೀಲಿ ಸಿಕ್ಕವರಿಗೆ "ಝ್ದ್ರವೇಯ್ತೆ", ನಮಸ್ಕಾರ ಇದ್ದಂಗೆ, ಬಹುವಚನ ಕೊಟ್ಟ ಹಾಗೆ. ಗೆಳೆಯರಿಗೆ "ಝ್ದ್ರಾಸ್ತಿ" ಸಾಕು. ಹಗಲು ಹೊತ್ತು "ದೋಬರ್ ದೆನ್". ಥ್ಯಾಂಕ್ಸಿಗೆ "ಬ್ಲಗೊದಾರ್ಯಾ", ನಾಲಿಗೆ ತೊಡರಿದ್ರೆ "ಮೆರ್ಸಿ" ಅನ್ನಿ, ಫ್ರೆಂಚಿಂದ ಬಂದಿದ್ದು, ಅವರೂ ತುಂಬ ಸಲ ಅದನ್ನೇ ಅಂತಾರೆ. "ಮೋಲ್ಯಾ" ಅಂದ್ರೆ ದಯವಿಟ್ಟು, ಪರವಾಗಿಲ್ಲ ಬಿಡಿ, ಏನಂದ್ರಿ, ಮೂರಕ್ಕೂ ಅದೇ. "ಇಜ್ವಿನೇತೆ" ಅಂದ್ರೆ ಕ್ಷಮಿಸಿ. "ನೆ ರಾಜ್ಬೀರಾಮ್" ಅಂದ್ರೆ ಅರ್ಥ ಆಗ್ಲಿಲ್ಲ, ಇದನ್ನ ನಾನು ದಿನಕ್ಕೆ ಇಪ್ಪತ್ತು ಸಲ ಅಂದಿದೀನಿ.

ಒಂದು ಖುಷಿ ವಿಷಯ ಅಂದ್ರೆ ಸಂಸ್ಕೃತ ಮಾತಾಡೋ ನಮ್ಮ ಮತ್ತೂರಿನವರಿಗೆ ಈ ಭಾಷೆ ಅರ್ಧ ಪರಿಚಯ ಅನ್ನಿಸಬಹುದು. ಎರಡಕ್ಕೆ "ದ್ವೆ", ಮೂರಕ್ಕೆ "ತ್ರಿ", ನಾಲ್ಕಕ್ಕೆ "ಚೇತಿರಿ", ಹತ್ತಕ್ಕೆ "ದೇಸೆತ್", ಬೆಂಕಿಗೆ "ಓಗನ್", ಅಣ್ಣತಮ್ಮನಿಗೆ "ಬ್ರಾತ್". ನನಗೆ ಬೇಕು ಅನ್ನೋದಕ್ಕೆ "ಇಸ್ಕಾಮ್", ಇಚ್ಛಾಮಿ ಅಂತ ನೆನಪಿಟ್ಕೊಳ್ಳಿ, ನಿಜಕ್ಕೂ ಎರಡೂ ಒಂದೇ ಬೇರಿನವು. ಯಾರಾದ್ರೂ ಏನಾದ್ರೂ ಮಾರೋಕೆ ಬೆನ್ನು ಬಿದ್ರೆ "ನೆ ಇಸ್ಕಾಮ್", ಬೇಡ.

ಈಗ ದುಡ್ಡು. 2026ರ ಜನವರಿ 1ರಿಂದ ಅಲ್ಲಿ ಯೂರೋ, ಹಳೇ ಲೆವ್ ಹೋಯ್ತು. ಒಂದು ಯೂರೋಗೆ 1.95583 ಲೆವ್ ಅಂತ ಫಿಕ್ಸ್ ರೇಟು. ಯಾರಾದ್ರೂ ರಸ್ತೇಲಿ ಚಿಲ್ಲರೆ ಅಂತ ಲೆವ್ ನೋಟು ಕೊಡೋಕೆ ಬಂದ್ರೆ ತಗೋಬೇಡಿ, ಅಂಗಡೀಲಿ ನಡೆಯಲ್ಲ. ಅದನ್ನ ಬದಲಾಯಿಸೋಕೆ ಅವರ ನ್ಯಾಷನಲ್ ಬ್ಯಾಂಕ್ ತನಕ ಅಲೆಯೋಕೆ ನಿಮಗೆ ಟೈಮಿಲ್ಲ. "ಕೋಲ್ಕೊ ಸ್ತ್ರೂವಾ" ಅಂದ್ರೆ ಎಷ್ಟು. "ಸ್ ಕಾರ್ತಾ" ಕಾರ್ಡಲ್ಲಿ, "ವ್ ಬ್ರೋಯ್" ಕ್ಯಾಶಲ್ಲಿ. ಈ "ವ್ ಬ್ರೋಯ್" ಅನ್ನೋದನ್ನ ಬಿಟ್‌ಕಾಯಿನ್ ಥರದ ಡಿಜಿಟಲ್ ದುಡ್ಡು ಇಟ್ಕೊಂಡಿರೋ ಕ್ರಿಪ್ಟೋ ಹುಡುಗರು ಮೊದಲು ಬಾಯಿಪಾಠ ಮಾಡ್ಬೇಕು, ಯಾಕಂದ್ರೆ ಹೇಳ್ತೀನಿ ಕೇಳಿ.

ಬೆಳಿಗ್ಗೆ ಏಳೂವರೆ, ಚಳಿ, ಮೆಟ್ರೋ ಸ್ಟೇಷನ್ ಪಕ್ಕ ಒಂದು ಸಣ್ಣ ಕಿಟಕಿ ಅಂಗಡಿ, ಒಳಗೆ ಒಬ್ರು ಅಜ್ಜಿ, ಮುಂದೆ ಟ್ರೇಲಿ ಬಿಸಿ ಬನಿತ್ಸಾ. ಅದು ಪದರ ಪದರ ಹಿಟ್ಟಿನ ಮಧ್ಯೆ ಮೊಟ್ಟೆ, ಬಿಳಿ ಚೀಸ್ ಹಾಕಿ ಬೇಯಿಸಿದ್ದು, ಪೇಪರಲ್ಲಿ ಸುತ್ತಿ ಕೊಡ್ತಾರೆ, ಪೇಪರೆಲ್ಲ ಜಿಡ್ಡು ಜಿಡ್ಡು. ನಾನು ಹುರುಪಲ್ಲಿ "ಪ್ರಿಯೇಮಾತೆ ಲಿ ಬಿಟ್ಕೋಯ್ನ್?" ಅಂದೆ, ಬಿಟ್‌ಕಾಯಿನ್ ತಗೋತೀರಾ ಅಂತ, ಮನೇಲೇ ಅಭ್ಯಾಸ ಮಾಡ್ಕೊಂಡು ಹೋಗಿದ್ದ ಮಾತು. ಅಜ್ಜಿ ಗಲ್ಲ ಎತ್ತಿ ಚ್ಚ್ ಅಂದ್ರು. ಕಾರ್ಡು? ಮತ್ತೆ ಚ್ಚ್. ಹಿಂದೆ ಆರು ಜನ ಕ್ಯೂ. ಫೋನಲ್ಲಿ ಅಷ್ಟೊಂದು ಇದ್ದೂ ಎರಡು ಯೂರೋ ನಾಣ್ಯ ಇಲ್ದೆ ಹಸ್ಕೊಂಡು ಮೆಟ್ರೋ ಹತ್ತಿದೆ. ನಮ್ಮ ಅಡಿಕೆ ಮಂಡಿಯಲ್ಲಿ ಅಪ್ಪನ್ನ ಹಿಂಗೇ ತಮಾಷೆ ಮಾಡ್ತಿದ್ದೆ, ಯಾವಾಗ್ಲೂ ಕ್ಯಾಶ್ ಕ್ಯಾಶ್ ಅಂತೀರಿ ಅಂತ.

ಬಿಟ್‌ಕಾಯಿನ್ ತಗೊಳ್ಳೋ ಜಾಗ ಇಲ್ಲವೇ ಇಲ್ಲ ಅಂತಲ್ಲ. ಬಾನ್ಸ್ಕೊ ಅಂತ ಪಿರಿನ್ ಬೆಟ್ಟದ ಬುಡದಲ್ಲಿ ಊರು, ಸೋಫಿಯಾದಿಂದ ಬಸ್ಸಲ್ಲಿ ಮೂರು ಗಂಟೆ ದಾರಿ, ಸ್ಕೀಯಿಂಗಿಗೆ ಹೆಸರುವಾಸಿ, ಲ್ಯಾಪ್‌ಟಾಪ್ ಹಿಡ್ಕೊಂಡು ಊರೂರು ತಿರುಗೋರ ಬೀಡು ಅದು. ಅಲ್ಲಿ ಕ್ರಿಪ್ಟೋ ಮಾತಾಡೋಕೆ ಜನ ಸಿಗ್ತಾರೆ. ಕೇಳೋವಾಗ ಲೈಟ್ನಿಂಗ್ ಇದೆಯಾ ಅಂತ ಕೇಳಿ, ಅದು ಬಿಟ್‌ಕಾಯಿನ್ನನ್ನ ಕ್ಷಣದಲ್ಲಿ ಕಳಿಸೋ ದಾರಿ, ಇಲ್ದಿದ್ರೆ ಪಾವತಿ ಪಕ್ಕಾ ಮಾಡೋ ಬ್ಲಾಕ್ ಬರೋಕೆ ಸರಾಸರಿ ಹತ್ತು ನಿಮಿಷ, ಕಾಫಿ ತಣ್ಣಗಾಗುತ್ತೆ. ಸೋಫಿಯಾದಲ್ಲಿ ಬಿಟ್‌ಕಾಯಿನ್ ಎಟಿಎಮ್ ಕೂಡ ಇವೆ, ಆದ್ರೆ ಕಮಿಷನ್ ಅಂತ ಬೇರೆ ಬರೀದೆ ರೇಟಲ್ಲೇ ಸೇರಿಸಿರಬಹುದು. ಸ್ಕ್ರೀನ್ ಮೇಲಿನ ರೇಟನ್ನ ಫೋನಲ್ಲಿ ಮಾರ್ಕೆಟ್ ರೇಟಿಗೆ ಹೋಲಿಸಿ ನೋಡಿ ಆಮೇಲೆ ಬಟನ್ ಒತ್ತಿ. ನನ್ನ ಕೇಳಿದ್ರೆ ಊರಲ್ಲೇ ವಿದೇಶಿ ದುಡ್ಡು ತುಂಬಿಸ್ಕೊಂಡು ಹೋಗೋ ಫಾರೆಕ್ಸ್ ಕಾರ್ಡೇ ವಾಸಿ.

ಟ್ಯಾಕ್ಸ್ ಮರೀಬೇಡಿ. ಅಲ್ಲಿ ಕೂತು ಕಾಫಿಗೆ ಬಿಟ್‌ಕಾಯಿನ್ ಕೊಟ್ರೂ ನಮ್ಮ ಸರ್ಕಾರದ ಲೆಕ್ಕದಲ್ಲಿ ಅದು ಮಾರಿದ ಹಾಗೇ. 2022ರ ಏಪ್ರಿಲ್‌ನಿಂದ ಲಾಭದ ಮೇಲೆ 30 ಪರ್ಸೆಂಟ್, ಮೇಲೆ ಸೆಸ್ಸು, ಒಂದರಲ್ಲಿ ಆದ ಲಾಸನ್ನ ಇನ್ನೊಂದರ ಲಾಭದಲ್ಲಿ ಕಳೆಯೋ ಹಂಗಿಲ್ಲ. ಖರ್ಚು ಮಾಡಿದ ದಿನದ ರೇಟು, ತಾರೀಖು ಬರೆದಿಟ್ಕೊಳ್ಳಿ, ರಿಟರ್ನ್ಸ್ ಹಾಕೋವಾಗ ಆಡಿಟರ್ ಬೈಯಲ್ಲ.

ಹೊರಡೋ ಮುಂಚೆ ಸಿಮ್ಮಿಗೆ ರೋಮಿಂಗ್ ಹಾಕಿಸಿ. ಇದು ನನಗೆ ಬಿದ್ದ ದೊಡ್ಡ ಏಟು. ನಾನು ಬಿಟ್‌ಕಾಯಿನ್ ಕೊಂಡು ಮಾರೋಕೆ ಬಳಸೋ ಎಕ್ಸ್‌ಚೇಂಜ್ ಹೊಸ ದೇಶದಿಂದ ಲಾಗಿನ್ ಅಂತ ಅಕೌಂಟ್ ಲಾಕ್ ಮಾಡ್ತು, ಒಟಿಪಿ ಊರಿನ ನಂಬರಿಗೆ, ಊರಿನ ಸಿಮ್ ಸೂಟ್‌ಕೇಸಲ್ಲಿ ಸತ್ತು ಮಲಗಿತ್ತು. ಅವರ ಕಸ್ಟಮರ್ ಕೇರಿಗೆ ಬರೆದ್ರೆ ಎರಡು ದಿನ ಆದ್ಮೇಲೆ ಉತ್ತರ, ಅದೂ ದಯವಿಟ್ಟು ಒಟಿಪಿ ಹಾಕಿ ಅಂತ! ಎಸ್ಸೆಮ್ಮೆಸ್ ಒಟಿಪಿ ಬದಲು ಫೋನಲ್ಲೇ ಕೋಡ್ ತೋರಿಸೋ ಅಥೆಂಟಿಕೇಟರ್ ಆಪ್ ಇಟ್ಕೊಳ್ಳಿ. ಅಲ್ಲಿ ಚಳಿಗಾಲದಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಬೇಸಿಗೇಲಿ ಎರಡೂವರೆ, ಅಲ್ಲಿ ಸಂಜೆ ಆಗೋಷ್ಟರಲ್ಲಿ ಇಲ್ಲಿ ಆಫೀಸ್ ಬಾಗಿಲು ಹಾಕಿರ್ತಾರೆ.

ಬಿಟ್‌ಕಾಯಿನ್ ವಾಲೆಟ್ಟಿಗೆ ಕೀಲಿ ಇದ್ದಂಗಿರೋ ಆ 12 ಅಥವಾ 24 ಪದದ ಚೀಟಿ ಬ್ಯಾಗಲ್ಲಿ ಒಯ್ಯಬೇಡಿ, ಫೋಟೋ ತೆಗೆದು ಫೋನಲ್ಲೂ ಇಡಬೇಡಿ. ದೊಡ್ಡ ಮೊತ್ತ ಊರಲ್ಲೇ ಇರ್ಲಿ, ಫೋನಲ್ಲಿ ಹೋದ್ರೂ ಹೊಟ್ಟೆ ಉರಿಯದಷ್ಟು ಮಾತ್ರ. ಫೋನ್ ಕಳೆದ್ರೆ "ಇಜ್ಗೂಬಿಹ್ ಸಿ ತೆಲೆಫೋನಾ", ತುರ್ತಿಗೆ 112. ಕೆಫೇಲಿ "ಇಮಾತೆ ಲಿ ವೈಫೈ" ಅಂತ ಕೇಳ್ಬಹುದು, ಪಾಸ್‌ವರ್ಡಿಗೆ ಅವರು "ಪರೋಲಾ" ಅಂತಾರೆ, ಆದ್ರೆ ಆ ವೈಫೈಲಿ ವಾಲೆಟ್ ತೆಗೀಬೇಡಿ.

ಕೆಫೇಲಿ ಯಾರಾದ್ರೂ ಪರಿಚಯ ಆಗಿ ಹೊಸ ಕಾಯಿನ್ ಇದೆ, ನಾಲ್ಕು ಜನ ಸೇರಿಸಿದ್ರೆ ಡಬಲ್ ಅಂದ್ರೆ ಎದ್ದು ಬನ್ನಿ. ಒನ್‌ಕಾಯಿನ್ ಅನ್ನೋ ದೊಡ್ಡ ಮೋಸದ ಸ್ಕೀಮು ಶುರುವಾಗಿದ್ದೇ 2014ರಲ್ಲಿ ಸೋಫಿಯಾದಲ್ಲಿ. ಲೆಕ್ಕ ಬರೆದಿಡೋ ಬ್ಲಾಕ್‌ಚೈನೇ ಇಲ್ದೆ ಕಾಯಿನ್ ಮಾರಿ, ಲೋಕದ ತುಂಬ 400 ಕೋಟಿ ಡಾಲರ್‌ಗಿಂತ ಹೆಚ್ಚು ಎತ್ತಿದ್ರು. ಅದನ್ನ ಹುಟ್ಟುಹಾಕಿದ ರುಜಾ ಇಗ್ನಾತೋವಾ 2017ರ ಅಕ್ಟೋಬರ್‌ನಲ್ಲಿ ಸೋಫಿಯಾದಿಂದ ಅಥೆನ್ಸ್ ವಿಮಾನ ಹತ್ತಿದೋಳು ಆಮೇಲೆ ಕಾಣೆ, 2022ರಲ್ಲಿ ಅಮೆರಿಕದ ಎಫ್‌ಬಿಐ ತಾನು ಹುಡುಕ್ತಿರೋ ಟಾಪ್ ಹತ್ತು ಜನರ ಲಿಸ್ಟಿಗೆ ಹಾಕ್ತು. ನಮ್ಮ ಕಡೆ ಕಲ್ಯಾಣ ಮಂಟಪದಲ್ಲಿ ಸೂಟು ಹಾಕ್ಕೊಂಡು ಮೀಟಿಂಗ್ ಮಾಡೋರ ಮಾತೂ ಇದೇ ರಾಗ, ಗುರುತು ಸಿಗುತ್ತೆ.

ವೀಸಾ ಷೆಂಗೆನ್, ಅಂದ್ರೆ ಯುರೋಪಿನ ಹಲವು ದೇಶಕ್ಕೆ ಸೇರಿ ಒಂದೇ ವೀಸಾ, 2025ರ ಜನವರಿಯಿಂದ ಬಲ್ಗೇರಿಯಾ ಪೂರ್ತಿ ಒಳಗೆ, 180 ದಿನದಲ್ಲಿ 90 ದಿನ. 30,000 ಯೂರೋ ಇನ್ಶೂರೆನ್ಸ್ ಬೇಕು. ಏರ್‌ಪೋರ್ಟ್ ಎರಡನೇ ಟರ್ಮಿನಲ್ಲಿಂದ ಊರೊಳಗೆ ಮೆಟ್ರೋ ಇದೆ, ಕಾರ್ಡ್ ತಾಗಿಸಿ ಹತ್ತಬಹುದು, ಹೊರಗೆ ನಿಂತು ಟ್ಯಾಕ್ಸಿ ಟ್ಯಾಕ್ಸಿ ಅಂತ ಕರೆಯೋರ ಕಡೆ ತಿರುಗಬೇಡಿ.

ಊಟಕ್ಕೆ ಸಸ್ಯಾಹಾರಿಗಳು "ಬೆಜ್ ಮೆಸೋ" ಅಂದ್ರೆ ಸಾಲದು, ಮೀನು ಬರಬಹುದು, "ಬೆಜ್ ರೀಬಾ" ಅಂತಲೂ ಸೇರಿಸಿ. ಶೋಪ್ಸ್ಕಾ ಸಲಾಡ್ ಎಲ್ಲಾ ಕಡೆ ಸಿಗುತ್ತೆ, ಟೊಮೆಟೊ ಸೌತೆಕಾಯಿ ಮೇಲೆ ಬಿಳಿ ಚೀಸ್ ತುರಿದಿರ್ತಾರೆ. ತರಾತೋರ್ ಸಿಕ್ರೆ ಬಿಡಬೇಡಿ, ಮೊಸರು, ಸೌತೆಕಾಯಿ, ಬೆಳ್ಳುಳ್ಳಿ ಹಾಕಿದ ತಣ್ಣನೆ ಸೂಪು, ಕಣ್ಣು ಮುಚ್ಚಿ ಕುಡಿದ್ರೆ ನಮ್ಮ ತಂಬುಳಿಯ ದೂರದ ನೆಂಟ, ಒಗ್ಗರಣೆ ಒಂದಿಲ್ಲ ಅಷ್ಟೇ. ಮೊಸರಂತೂ ಅವರ ಹೆಮ್ಮೆ, ಹೆಪ್ಪು ಹಾಕೋ ಆ ಬ್ಯಾಕ್ಟೀರಿಯಾಕ್ಕೆ ದೇಶದ್ದೇ ಹೆಸರು, 1905ರಲ್ಲಿ ಕಂಡುಹಿಡಿದದ್ದು ಸ್ತಾಮೆನ್ ಗ್ರಿಗೊರೋವ್ ಅನ್ನೋ ಅವರ ಡಾಕ್ಟರು. ಬಿಲ್ಲಿಗೆ "ಸ್ಮೇತ್ಕಾತಾ, ಮೋಲ್ಯಾ".

ವಾಪಸ್ ಬರೋವಾಗ ಜೇಬಲ್ಲಿ ಒಂದು ಯೂರೋ ನಾಣ್ಯ ಉಳಿದಿತ್ತು, ಮೇಲೆ ರಿಲಾದ ಸಂತ ಇವಾನ್ ಚಿತ್ರ. ಅಮ್ಮ ತಿರುಗಿಸಿ ಮುರುಗಿಸಿ ನೋಡಿ, ಯಾವ ಸ್ವಾಮಿಗಳೋ ಅಂತ ದೇವರ ಗೂಡಲ್ಲಿ ಇಟ್ಟಿದಾಳೆ. ನನ್ನ ಬಿಟ್‌ಕಾಯಿನ್ ಎಲ್ಲಿದೆ ಅಂತ ಆರು ವರ್ಷದಿಂದ ಕೇಳ್ತಿದಾಳೆ, ಇನ್ನೂ ತೋರಿಸೋಕೆ ಆಗಿಲ್ಲ.