ನೀರಿಗಿಳಿದವರಿಗೆ ಸಭೆಯಲ್ಲಿ ಮಾತೂ ಇರಬೇಕು

ನಮ್ಮ ಕಡೆ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡ ಅಂದರೆ ಜನಕ್ಕೆ ಮೊದಲು ನೆನಪಾಗುವುದು ಹೆಬ್ಬಾಳದ ಆಸ್ಪತ್ರೆ. 1973ರಲ್ಲಿ ಶುರುವಾದ ಆ ಆಸ್ಪತ್ರೆಯ ಹೆಸರು ಕೇಳದವರು ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಯಲ್ಲಿ ಕಡಿಮೆ. ಅದು ಬಿಟ್ಟರೆ, "ನೀವು ನೀರಲ್ಲಿ ಮುಳುಗಿಸೋರಲ್ವಾ?" ಎಂದು ಕೇಳುತ್ತಾರೆ. ಹೌದು, ಕ್ರಿಸ್ತನನ್ನು ನಂಬಿ ಸಭೆ ಸೇರುವವರನ್ನು ನೀರಲ್ಲಿ ಮುಳುಗಿಸಿ ಎತ್ತುತ್ತೇವೆ, ಅದಕ್ಕೆ ದೀಕ್ಷಾಸ್ನಾನ ಎನ್ನುತ್ತೇವೆ. ನೀರಿನಿಂದ ಎದ್ದವರ ಮಾತಿಗೆ ಆಮೇಲೆ ಸಭೆಯಲ್ಲಿ ಎಷ್ಟು ಬೆಲೆ ಸಿಗುತ್ತದೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ಸೀಮೆಯ ಒಂದು ಸಣ್ಣ ಕನ್ನಡ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಪಾಲಕನಾಗಿ (ಪಾಸ್ಟರ್ ಆಗಿ) ನಾನು ಹೆಚ್ಚು ದುಡಿದಿರುವುದು ಆ ಪ್ರಶ್ನೆಯ ಮೇಲೆಯೇ.

ಮೊದಲು ನೀರಿನ ಮಾತು ಹೇಳಿಬಿಡುತ್ತೇನೆ, ಹೊಸದಾಗಿ ಸೇವೆಗೆ ಬರುವ ಹುಡುಗರು ಅದನ್ನೇ ಹೆಚ್ಚು ವಿಚಾರಿಸುತ್ತಾರೆ. ಹಿಂದೆ ಕೆರೆಗೆ ಹೋಗುತ್ತಿದ್ದೆವು. ಕೆರೆ ಒಣಗಿದ ವರ್ಷಗಳಲ್ಲಿ ಸಭೆಯವರೊಬ್ಬರ ಕೃಷಿ ಹೊಂಡ. ಅದರ ಅಂಚಿನ ಪ್ಲಾಸ್ಟಿಕ್ ಹಾಳೆ ಜಾರುತ್ತದೆ, ವಯಸ್ಸಾದವರಿಗೆ ಅಪಾಯ. ಹಾಗಾಗಿ ಸಭೆಯ ಹಿಂಬದಿಯಲ್ಲೇ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ತೊಟ್ಟಿ ಕಟ್ಟಿಸಿದೆವು. ಮೂರು ಅಡಿ ನೀರು ಸಾಕು, ಸುಮಾರು 2,700 ಲೀಟರ್ ಹಿಡಿಯುತ್ತದೆ. ಎರಡೂ ಕಡೆ ಮೆಟ್ಟಿಲು ಇರಲಿ, ಒಂದು ಕಡೆ ಇಳಿದವರು ಇನ್ನೊಂದು ಕಡೆ ಹತ್ತಿಹೋಗಲಿ. ಬಿಳಿ ಬಟ್ಟೆ ಬೇಡ, ನೆನೆದರೆ ಹೆಣ್ಣುಮಕ್ಕಳಿಗೆ ಮುಜುಗರ. ದಪ್ಪನೆಯ ಗಾಢ ಬಣ್ಣದ ಬಟ್ಟೆ ತರಲು ಹೇಳುತ್ತೇನೆ, ನನ್ನ ಹೆಂಡತಿ ಬೆಡ್‌ಶೀಟು ಹಿಡಿದು ಮೆಟ್ಟಿಲ ಬಳಿ ನಿಂತಿರುತ್ತಾಳೆ. ಎದೆಯ ಮೇಲೆ ಕೈ ಕಟ್ಟಿಸಿ, ಒಂದು ಕೈಯಿಂದ ಅವರ ಕೈ ಹಿಡಿದು, ಇನ್ನೊಂದನ್ನು ಕತ್ತಿನ ಹಿಂದೆ ಕೊಟ್ಟು, ಮಂಡಿ ಮಡಿಸಲು ಹೇಳಿ ಹಿಂದಕ್ಕೆ ಬಾಗಿಸಿದರೆ ಎಷ್ಟು ಭಾರದವರಾದರೂ ಹಗುರವಾಗುತ್ತಾರೆ. ಸಾವಿರ ಅಡಿ ಕೊರೆದರೂ ನೀರು ಸಿಗದ ಊರು ನಮ್ಮದು. ಹಾಗಾಗಿ ಆ ನೀರನ್ನು ಮೋರಿಗೆ ಬಿಡದೆ ಮಾರನೆಯ ದಿನ ತೆಂಗಿನ ಗಿಡಗಳಿಗೆ ಹಾಯಿಸುತ್ತೇವೆ.

ನೀರಿಗಿಂತ ಮೊದಲಿನ ತಿಂಗಳುಗಳದ್ದೇ ದೊಡ್ಡ ಕೆಲಸ. ದೀಕ್ಷಾಸ್ನಾನ ಕೇಳಿದವರ ಮನೆಗೆ ವಾರಕ್ಕೊಮ್ಮೆ ಹೋಗಿ ಕೂರುತ್ತೇನೆ. ಓದು ಬರದವರೇ ಹೆಚ್ಚು. ಬೈಬಲಿನ ಮಾರ್ಕನ ಸುವಾರ್ತೆಯನ್ನು ಮೊಬೈಲಿನಲ್ಲಿ ಕೇಳಿಸಿ, ಕೇಳಿದ್ದನ್ನು ಅವರ ಮಾತಿನಲ್ಲೇ ಹೇಳಿಸುತ್ತೇನೆ. ಯಾಕೆ ಬೇಕು ಎಂದು ಕೇಳುತ್ತೇನೆ. "ಕಾಯ್ಲೆ ವಾಸಿಯಾಯ್ತು, ಅದಕ್ಕೆ" ಎಂದರೆ ದೇವರಿಗೆ ಸ್ತೋತ್ರ ಹೇಳಿ ಇನ್ನೂ ಸ್ವಲ್ಪ ಕಾಯಿರಿ ಎನ್ನುತ್ತೇನೆ. "ಹುಡುಗಿ ಕಡೆಯೋರು ಕೇಳ್ತಾವ್ರೆ" ಎಂದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಮದುವೆಗಾಗಿ ಯಾರನ್ನೂ ನೀರಿಗಿಳಿಸುವುದಿಲ್ಲ. ಮನೆಯ ಹಿರಿಯರಿಗೆ ತಿಳಿಯದಂತೆ ಬರುವ ಹುಡುಗರಿಗೂ, ಮೊದಲು ಅಪ್ಪ ಅಮ್ಮನ ಹತ್ತಿರ ಮಾತಾಡಿ ಬಾ ಎನ್ನುತ್ತೇನೆ.

ಇನ್ನೊಂದು ಮಾತನ್ನು ಬಿಡಿಸಿ ಹೇಳುತ್ತೇನೆ. ಇದನ್ನು ಮುಚ್ಚಿಡುವ ಪಾಲಕರನ್ನು ಕಂಡರೆ ನನಗೆ ಸಂಕಟ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ, ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನ ಉಳಿಯುವುದಿಲ್ಲ. ಕರ್ನಾಟಕದಲ್ಲಿ ಅವರು ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಬರುತ್ತಾರೆ. ಮಗಳ ಹಾಸ್ಟೆಲ್ ಸೀಟು, ಮಗನ ನೌಕರಿಯ ಅರ್ಜಿ ಎಲ್ಲಕ್ಕೂ ಇದು ತಗಲುತ್ತದೆ. ಈ ಆದೇಶ ಅನ್ಯಾಯ ಎಂದೇ ನಾನು ತಿಳಿದಿದ್ದೇನೆ. ಆದರೂ ಅದರ ಬಿಸಿ ತಾಗುವುದು ಆ ಮನೆಗೆ, ನನಗಲ್ಲ. ಎಲ್ಲ ತಿಳಿದ ಮೇಲೂ ಬರುತ್ತೇನೆ ಎನ್ನುವವರ ಹೆಜ್ಜೆ ಅವರದೇ ಆಗಿರುತ್ತದೆ. ಬರುವುದಿಲ್ಲ ಎಂದವರ ಮನೆಗೂ ನಾನು ಮುಂಚಿನಂತೆಯೇ ಹೋಗುತ್ತೇನೆ.

ಯಾಕೆ ಇಷ್ಟು ಕಟ್ಟುನಿಟ್ಟು ಎಂದು ಕೆಲವರು ಕೇಳುವುದುಂಟು. ನಮ್ಮ ಪರಂಪರೆ ಹುಟ್ಟಿದ್ದೇ ಇದಕ್ಕಾಗಿ. ಥಾಮಸ್ ಹೆಲ್ವಿಸ್ ಎಂಬವರು 1612ರ ಹೊತ್ತಿಗೆ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಇಂಗ್ಲೆಂಡಿನ ಮೊದಲ ಬ್ಯಾಪ್ಟಿಸ್ಟ್ ಸಭೆ ಕಟ್ಟಿದರು. ಪ್ರಜೆಗಳ ಆತ್ಮದ ಮೇಲೆ ರಾಜನಿಗೆ ಅಧಿಕಾರವಿಲ್ಲ ಎಂದು ದೊರೆ ಜೇಮ್ಸನಿಗೇ ಬರೆದು ತಿಳಿಸಿ, ಸೆರೆಮನೆಯಲ್ಲೇ ಪ್ರಾಣ ಬಿಟ್ಟರು. ತಮ್ಮವರಿಗೆ ಮಾತ್ರ ಅವರು ಆ ಸ್ವಾತಂತ್ರ್ಯ ಬೇಡಲಿಲ್ಲ, ಬೇರೆ ಧರ್ಮದವರಿಗೂ ಬೇಡಿದರು. ಇನ್ನು ನಮ್ಮ ಪಕ್ಕದ ಆಂಧ್ರದ್ದೇ ಒಂದು ಸಂಗತಿ. 1876ರಿಂದ 78ರವರೆಗಿನ ಘೋರ ಕ್ಷಾಮದಲ್ಲಿ ಒಂಗೋಲಿನ ಮಿಷನರಿ ಜಾನ್ ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲಿ ಅಗೆತದ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಟ್ಟರು. ಆ ದಿನಗಳಲ್ಲಿ ದೀಕ್ಷಾಸ್ನಾನ ಕೇಳಿ ಬಂದವರು ಅಷ್ಟಿಷ್ಟಲ್ಲ. ಅನ್ನಕ್ಕಾಗಿ ಬಂದರೆಂಬ ಮಾತು ಬರಬಾರದೆಂದು ಕ್ಲೌ ಆಗ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಪರಿಹಾರದ ಕೆಲಸ ಮುಗಿದ ಮೇಲೆ, 1878ರ ಜುಲೈ 3ರಂದು, ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಮಂದಿ ನೀರಿಗಿಳಿದರು. ಉಪದೇಶಕರು ಆ ದೊಡ್ಡ ಸಂಖ್ಯೆಯನ್ನು ಕೊಂಡಾಡುತ್ತಾರೆ. ನನಗೆ ಅದಕ್ಕಿಂತ ಕ್ಲೌ ಕಾಯಿಸಿದ ತಿಂಗಳುಗಳೇ ದೊಡ್ಡವು.

ಇದೇ ಕಾರಣಕ್ಕೆ ಹಸುಗೂಸುಗಳಿಗೆ ನಾವು ದೀಕ್ಷಾಸ್ನಾನ ಕೊಡುವುದಿಲ್ಲ. ಕೂಸುಗಳಿಗೂ ದೀಕ್ಷಾಸ್ನಾನ ಕೊಡುವ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳ ತಾಯಂದಿರಿಗೆ ಇದು ದೊಡ್ಡ ನೋವು. "ಮೊಮ್ಮಗೂಗೆ ಏನೂ ಮಾಡ್ಸದೆ ಹಂಗೇ ಬುಟ್ರೆ ಹೆಂಗೆ ಅಯ್ನೋರೇ?" ಎಂದು ಅತ್ತವರಿದ್ದಾರೆ. ಅವರೊಂದಿಗೆ ವಾದಕ್ಕೆ ಇಳಿಯುವುದಿಲ್ಲ. ಮಗುವಿನ ಸಮರ್ಪಣೆಯ ಆರಾಧನೆಯಲ್ಲಿ ಕೂಸನ್ನು ಅಜ್ಜಿಯ ಕೈಗೇ ಕೊಟ್ಟು, ಪ್ರಾರ್ಥನೆಯನ್ನು ಅವರಿಂದಲೇ ಮಾಡಿಸುತ್ತೇನೆ.

ಇನ್ನು ಸಭಾ ಕೂಟ. ಬ್ಯಾಪ್ಟಿಸ್ಟ್ ಸಭೆಗೆ ಮೇಲೆ ಬಿಷಪ್ ಇಲ್ಲ. ಯಾರನ್ನು ಸೇರಿಸಿಕೊಳ್ಳಬೇಕು, ಸಭೆಯ ಕೆಲಸ ನೋಡಿಕೊಳ್ಳುವ ಸಭಾಸೇವಕರು ಯಾರಾಗಬೇಕು, ಹಣ ಎಲ್ಲಿಗೆ ಹೋಗಬೇಕು ಎಂಬುದನ್ನೆಲ್ಲ ಸಭೆಯೇ ಕೂತು ತೀರ್ಮಾನಿಸಬೇಕು. ಪುಸ್ತಕದಲ್ಲಿ ಇದು ಸುಲಭ. ನಮ್ಮೂರಲ್ಲಿ ಯಜಮಾನ ಹೇಳಬೇಕು, ಉಳಿದವರು ಕೇಳಬೇಕು. "ನೀವೇ ಏನಾರ ಒಂದು ಹೇಳ್ಬುಡಿ ಪಾಸ್ಟ್ರೇ, ನಾವೇನು ಬ್ಯಾಡ ಅಂತೀವಾ?" ಎಂಬುದು ಅವರು ಕೊಡುವ ಮರ್ಯಾದೆ. ಆ ಮರ್ಯಾದೆಯನ್ನು ತೆಗೆದುಕೊಂಡುಬಿಟ್ಟರೆ ಪಾಲಕನು ಬಹಳ ಬೇಗ ಪಾಳೇಗಾರನಾಗುತ್ತಾನೆ.

ನಾನು ಮಾಡಿದ್ದು ಇಷ್ಟು. ಮೂರು ತಿಂಗಳಿಗೊಮ್ಮೆ ಕೂಟ, ಆರಾಧನೆ ಮುಗಿಸಿ ಊಟವಾದ ಮೇಲೆ. ಕಾಣಿಕೆಯನ್ನು ಪ್ರತಿ ಭಾನುವಾರ ಇಬ್ಬರು ಎಲ್ಲರ ಎದುರೇ ಎಣಿಸಿ ಸಹಿ ಹಾಕುತ್ತಾರೆ, ನಾನು ಆ ಪೆಟ್ಟಿಗೆ ಮುಟ್ಟುವುದಿಲ್ಲ. ಕೂಟದಲ್ಲಿ ಲೆಕ್ಕವನ್ನು ಕರೆಂಟ್ ಬಿಲ್ಲಿನಿಂದ ಹಿಡಿದು ಗಟ್ಟಿಯಾಗಿ ಓದಿಸುತ್ತೇವೆ. ಓದು ಬರದವರಿಗೆ ಗೋಡೆಗೆ ಅಂಟಿಸಿದ ಹಾಳೆಯಿಂದ ಏನು ಪ್ರಯೋಜನ? ಅಧ್ಯಕ್ಷತೆ ಸಭಾಸೇವಕರಲ್ಲಿ ಒಬ್ಬರದು. ನನ್ನ ಸಂಬಳದ ಮಾತು ಬಂದಾಗ ನಾನು ಹೊರಗೆ ಹೋಗುತ್ತೇನೆ. ಹೆಂಗಸರು ಮೊದಲು ಮಾತಾಡಬೇಕು ಎಂದು ಕ್ರಮ ಮಾಡಿದೆವು. ಗಂಡಸರು ಮೊದಲು ಮಾತಾಡಿದರೆ ಅವರ ಮನೆಯ ಹೆಂಗಸರು ಆಮೇಲೆ ಬಾಯಿ ತೆರೆಯುವುದಿಲ್ಲ. ಈ ಕ್ರಮಕ್ಕೆ ಕೆಲವರು ತಿಂಗಳುಗಟ್ಟಲೆ ಮುಖ ಗಂಟು ಹಾಕಿಕೊಂಡಿದ್ದರು. ತೊಟ್ಟಿಯಲ್ಲಿ ಎಲ್ಲರೆದುರು ಗಟ್ಟಿಯಾಗಿ ತನ್ನ ನಂಬಿಕೆಯ ಸಾಕ್ಷಿ ಹೇಳಿದ ಹೆಂಗಸು ಕೂಟದಲ್ಲಿ ಯಾಕೆ ಸುಮ್ಮನಿರಬೇಕು ಎಂದು ಕೇಳಿದೆ. ಅದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ.

ಇದರ ಫಲ ಕಂಡಿದ್ದು ಕಟ್ಟಡದ ವಿಷಯದಲ್ಲಿ. ಹೊರಗಿನ ಟ್ರಸ್ಟೊಂದು ಆರ್‌ಸಿಸಿ ಕಟ್ಟಡ ಕಟ್ಟಿಸಿಕೊಡುತ್ತೇವೆ ಎಂದು ಬಂತು. ಜಾಗ ಮಾತ್ರ ಅವರ ಹೆಸರಿಗೆ ರಿಜಿಸ್ಟರ್ ಆಗಬೇಕು. ಸಭಾಸೇವಕರೆಲ್ಲ ಒಪ್ಪಿದ್ದರು, ನನಗೂ ಆಸೆಯಿತ್ತು. ಕೂಟದಲ್ಲಿ, ದ್ರಾಕ್ಷಿ ತೋಟದ ಕೂಲಿಗೆ ಹೋಗುವ ಅಜ್ಜಿಯೊಬ್ಬರು ಕೂತಲ್ಲಿಂದಲೇ ಹೇಳಿದರು: "ನಾನು ಮದ್ವೆ ಆದಾಗ್ಲಿಂದ ಬಾಡ್ಗೆ ಮನೇಲೇ ಇರೋಳು ಪಾಸ್ಟ್ರೇ. ಬೀಗ ಯಾರ್ ಕೈಲಿರ್ತದೋ ಮನೆ ಅವ್ರದ್ದೇ." ಆಮೇಲೆ ಚರ್ಚೆ ಬಹಳ ಹೊತ್ತು ನಡೆಯಿತು, ಜೋರಾಗಿಯೇ ನಡೆಯಿತು. ಕೈ ಎತ್ತಿಸಿದಾಗ ಬೇಡ ಎಂದವರೇ ಹೆಚ್ಚು. ಸಿಮೆಂಟ್ ಇಟ್ಟಿಗೆ ಗೋಡೆ ಎಬ್ಬಿಸಿ ಶೀಟು ಹಾಕಿಕೊಂಡೆವು. ಬೇಸಿಗೆಯಲ್ಲಿ ಒಳಗೆ ಬೇಯುತ್ತದೆ, ಮಳೆ ಬಂದರೆ ಉಪದೇಶ ಕೇಳಿಸುವುದಿಲ್ಲ. ಜಾಗ ಸಭೆಯ ಹೆಸರಿನಲ್ಲೇ ಇದೆ.

ಯೇಸುವಿನ ಕೊನೆಯ ಊಟವನ್ನು ನೆನೆದು ರೊಟ್ಟಿ, ರಸ ಹಂಚಿಕೊಳ್ಳುವ ಕರ್ತನ ಭೋಜನ ತಿಂಗಳ ಮೊದಲ ಭಾನುವಾರ. ಒಣದ್ರಾಕ್ಷಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಹಿಂಡಿ ಸೋಸಿದ ರಸ. ಹುಳಿ ಬರಿಸದ ರೊಟ್ಟಿ. ಇದನ್ನು ಯಾರ ಮನೆಯಲ್ಲಿ ಮಾಡುವುದು ಎಂಬುದು ನಮ್ಮಲ್ಲಿ ಸಣ್ಣ ಸಂಗತಿಯಲ್ಲ. ಬೇರೆಬೇರೆ ಕೇರಿಗಳಿಂದ ಬಂದವರಿದ್ದೇವೆ. ಬಾಯಲ್ಲಿ ಸಹೋದರ, ಸಹೋದರಿ ಎನ್ನುತ್ತಾ ಲೋಟ ಬೇರೆ ಇಡುವವರು ಸಭೆಗಳಲ್ಲೂ ಇದ್ದಾರೆ. ಹಾಗಾಗಿ ರೊಟ್ಟಿ, ರಸದ ಕೆಲಸ ಸರದಿಯಂತೆ ಎಲ್ಲ ಮನೆಗೂ ಹೋಗುತ್ತದೆ, ಯಾವ ಮನೆಯನ್ನೂ ಬಿಡುವ ಹಾಗಿಲ್ಲ. ಬಂಗಾಳದ ಶ್ರೀರಾಂಪುರದಲ್ಲಿ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಕೇರಿಯವರು 1800ರ ಡಿಸೆಂಬರಿನಲ್ಲಿ ಹೂಗ್ಲಿ ನದಿಯಲ್ಲಿ ಈ ದೇಶದವರಲ್ಲಿ ಮೊದಲು ದೀಕ್ಷಾಸ್ನಾನ ಕೊಟ್ಟ ಕೃಷ್ಣ ಪಾಲ್ ಬಡಗಿ. 1803ರಲ್ಲಿ ಅವರ ಮಗಳನ್ನು, ಬ್ರಾಹ್ಮಣ ಜಾತಿಯಿಂದ ಬಂದ ವಿಶ್ವಾಸಿಯೊಬ್ಬರು ಮದುವೆಯಾದರು. ಇನ್ನೂರು ವರ್ಷ ಕಳೆದರೂ ನಮ್ಮವರ ಗಂಡು ಹೆಣ್ಣು ನೋಡುವ ಮಾತಿನಲ್ಲಿ "ಅವ್ರು ಯಾವ ಪೈಕಿ?" ಎಂಬ ಪ್ರಶ್ನೆ ಬರುತ್ತದೆ. ಬಂದಾಗಲೆಲ್ಲ ನಾನು ಈ ಮದುವೆಯ ಕಥೆ ಹೇಳುತ್ತೇನೆ. ಅಂಥ ಒಂದೆರಡು ಮದುವೆಗಳನ್ನು ನಮ್ಮ ಶೀಟಿನ ಕೆಳಗೂ ಮಾಡಿಸಿದ್ದೇನೆ. ಒಂದಕ್ಕೆ ಹುಡುಗನ ಕಡೆಯಿಂದ ಅವನ ತಂಗಿ ಮಾತ್ರ ಬಂದಿದ್ದಳು.

ಹೂವು, ಬಳೆ, ತಾಳಿ, ಸೀಮಂತದ ಮಡಿಲಕ್ಕಿ ಇವುಗಳ ಬಗ್ಗೆ ಪಾಲಕರಲ್ಲಿ ಹತ್ತು ಅಭಿಪ್ರಾಯಗಳಿವೆ. ನಾನು ಅವನ್ನು ಹೆಣ್ಣುಮಕ್ಕಳ ಮನಸ್ಸಾಕ್ಷಿಗೆ ಬಿಟ್ಟಿದ್ದೇನೆ.

ಈಗ ನನ್ನ ಮುಂದಿರುವುದು, ನನ್ನ ನಂತರ ಯಾರು ಎಂಬ ವಿಚಾರ. ಸುತ್ತಲಿನ ಎಷ್ಟೋ ಸ್ವತಂತ್ರ ಸಭೆಗಳಲ್ಲಿ ಅಪ್ಪನ ನಂತರ ಮಗ ಎಂಬುದು ಹೊಲದ ಪಹಣಿಯ ಹಾಗೆ ನಡೆದುಬಿಡುತ್ತದೆ. ನಮ್ಮಲ್ಲೂ ಹಿರಿಯರು ಪ್ರೀತಿಯಿಂದಲೇ ನನ್ನ ಮಗನ ಹೆಸರು ಎತ್ತಿದರು. ಅವನಿಗೆ ಸೇವೆಯ ಕರೆ ಇದ್ದರೆ ಬೇರೆ ಸಭೆಯವರು ಅವನನ್ನು ಪರೀಕ್ಷಿಸಿ ಕರೆಯಲಿ, ಇಲ್ಲಿ ಬೇಡ ಎಂದು ಕೂಟದಲ್ಲೇ ಹೇಳಿ ಬರೆಸಿದ್ದೇನೆ. ಹುಡುಕುವುದಕ್ಕೆ ಐದು ಜನರ ಸಮಿತಿಯಾಗಿದೆ, ಇಬ್ಬರು ಹೆಂಗಸರು. ಬರುವವರು ಮೂರು ಭಾನುವಾರ ದೇವರ ವಾಕ್ಯ ಹೇಳಬೇಕು, ನಾಲ್ಕಾರು ಮನೆಗಳಲ್ಲಿ ಊಟ ಮಾಡಬೇಕು, ಆಮೇಲೆ ಕೈ ಎತ್ತುವುದು. ಆ ಕೂಟದ ದಿನ ನಾನು ಊರಲ್ಲಿ ಇರುವುದಿಲ್ಲ ಎಂದು ಈಗಲೇ ತಿಳಿಸಿದ್ದೇನೆ.