ಮೆಥೋಟ್ರೆಕ್ಸೇಟ್ ಹಾಕುವ ಮುಂಚೆ ಮೀಡಿಯಂ ಬಾಟಲಿ ಓದಿ

ಎಂಎಸ್ಸಿ ಪ್ರಾಜೆಕ್ಟ್‌ಗೆ ಬರುವ ಮಕ್ಕಳಿಗೆ ಮೊದಲ ದಿನ ನಾನು ಪಿಪೆಟ್ ಕೊಡುವುದಿಲ್ಲ. ಫ್ರಿಜ್‌ನಿಂದ ಎರಡು ಬಾಟಲಿ ಮೀಡಿಯಂ, ಅಂದರೆ ಜೀವಕೋಶ ಬೆಳೆಸುವ ಪೋಷಕ ದ್ರವ, ತೆಗೆದು ಮುಂದೆ ಇಡುತ್ತೇನೆ. ಒಂದು ಆರ್‌ಪಿಎಂಐ 1640, ಇನ್ನೊಂದು ಮೀಡಿಯಂ 199. ಎರಡೂ ಕೆಂಪೇ, ಒಳಗೆ ಏನಿದೆ ಅಂತ ಬಣ್ಣ ನೋಡಿದರೆ ಗೊತ್ತಾಗುವುದಿಲ್ಲ. ಕಂಪನಿಯವರು ಕೊಡುವ ಫಾರ್ಮುಲಾ ಪಟ್ಟಿ ತೆಗೆದು ಫೋಲಿಕ್ ಆಸಿಡ್ (ಫೋಲೇಟ್ ಎಂಬ ವಿಟಮಿನ್‌ನ ಒಂದು ರೂಪ) ಸಾಲು ಹುಡುಕಿ ಅನ್ನುತ್ತೇನೆ. ಆರ್‌ಪಿಎಂಐನಲ್ಲಿ ಲೀಟರ್‌ಗೆ 1 ಮಿಲಿಗ್ರಾಂ. 199ರಲ್ಲಿ 0.01. ನೂರು ಪಟ್ಟು ವ್ಯತ್ಯಾಸ! ನಮ್ಮ ರಕ್ತದಲ್ಲಿ ಇರುವ ಮಟ್ಟಕ್ಕೆ ಹತ್ತಿರ ಇರುವುದು ಈ ಬಡ 199.

ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ಮೆಥೋಟ್ರೆಕ್ಸೇಟ್ ಎಂಬ ಕ್ಯಾನ್ಸರ್ ಔಷಧಿ ಕ್ರೋಮೋಸೋಮ್ ಮುರಿಯುತ್ತದೆಯೇ ಎಂದು ರಕ್ತದ ಲಿಂಫೊಸೈಟ್‌ಗಳ (ಒಂದು ಬಗೆಯ ಬಿಳಿ ರಕ್ತಕಣಗಳ) ಮೇಲೆ ಪರೀಕ್ಷೆ ನಡೆಸುತ್ತಿದ್ದೆ. ಮೊದಲ ಸಲ 199ರಲ್ಲಿ ಕ್ರೋಮೋಸೋಮ್‌ಗಳು ಎದ್ದು ಕಾಣುವಂತೆ ಮುರಿದಿದ್ದವು. ಎರಡನೇ ಸಲಕ್ಕೆ ಬಾಟಲಿ ಮುಗಿದಿತ್ತು, ಪಕ್ಕದ ಲ್ಯಾಬಿನಿಂದ ಹ್ಯಾಮ್ಸ್ ಎಫ್-10 ಎಂಬ ಮೀಡಿಯಂ ತಂದು ಹಾಕಿದೆ. ಸ್ಲೈಡ್ ನೋಡಿದರೆ ಹೆಚ್ಚಿನ ಜೀವಕೋಶಗಳು ಚೆನ್ನಾಗಿವೆ. ಔಷಧಿ ಕೆಟ್ಟಿರಬೇಕು ಅಂದುಕೊಂಡು ಎರಡು ವಾರ ಹೊಸ ಸ್ಟಾಕ್ ಮಾಡುತ್ತಾ ಕೂತೆ. ಉತ್ತರ ಬಾಟಲಿಯ ಪಟ್ಟಿಯಲ್ಲೇ ಇತ್ತು. ಎಫ್-10ರಲ್ಲಿ ಲೀಟರ್‌ಗೆ 0.7 ಮಿಲಿಗ್ರಾಂ ಥೈಮಿಡಿನ್ ಇದೆ. ಜೊತೆಗೆ ಡಿಎನ್‌ಎಯ ಬೇರೆ ತುಣುಕುಗಳಿಗೆ ಕಚ್ಚಾವಸ್ತುವಾದ ಹೈಪೊಕ್ಸಾಂಥಿನ್ ಕೂಡ.

ಯಾಕೆ ಹೀಗಾಗುತ್ತದೆ? ಡಿಎನ್‌ಎಗೆ ಬೇಕಾದ ಥೈಮಿಡಿನ್ ತುಣುಕನ್ನು ಜೀವಕೋಶ ಫೋಲೇಟ್ ಸಹಾಯದಿಂದ ತಾನೇ ಮಾಡಿಕೊಳ್ಳುತ್ತದೆ. ಮೆಥೋಟ್ರೆಕ್ಸೇಟ್ ಆ ದಾರಿಯನ್ನು ಮುಚ್ಚುತ್ತದೆ. ಆಗ ಡಿಎನ್‌ಎಯಲ್ಲಿ ಥೈಮಿನ್ ಇರಬೇಕಾದ ಕಡೆ ಯುರಾಸಿಲ್ ಎಂಬ ತಪ್ಪು ತುಣುಕು ಸೇರಿಕೊಳ್ಳುತ್ತದೆ. ರಿಪೇರಿ ಕಿಣ್ವಗಳು ಬಂದು ಅದನ್ನು ಕತ್ತರಿಸುತ್ತವೆ. ಆದರೆ ಹಾಕುವುದಕ್ಕೆ ಸರಿಯಾದ ತುಣುಕೇ ಇಲ್ಲ, ಮತ್ತೆ ಯುರಾಸಿಲ್, ಮತ್ತೆ ಕತ್ತರಿ. ಎರಡೂ ಎಳೆಗಳಲ್ಲಿ ಹತ್ತಿರ ಹತ್ತಿರ ಕತ್ತರಿ ಬಿದ್ದರೆ ಕ್ರೋಮೋಸೋಮ್ ಮುರಿಯುತ್ತದೆ. ಮೀಡಿಯಂನಲ್ಲೇ ಥೈಮಿಡಿನ್ ಸಿದ್ಧವಾಗಿದ್ದರೆ ಜೀವಕೋಶ ಅದನ್ನೇ ಎತ್ತಿಕೊಂಡು ಪಾರಾಗುತ್ತದೆ.

ಒಂದು ಅಕ್ಷರದ ಬಗ್ಗೆ ಎಚ್ಚರ. 199ರ ಪಟ್ಟಿಯಲ್ಲಿ ಥೈಮಿನ್ ಅಂತ ಇರುತ್ತದೆ. ಅದು ಥೈಮಿಡಿನ್ ಅಲ್ಲ, ಥೈಮಿನ್‌ಗೆ ಸಕ್ಕರೆ ಸೇರಿದ್ದು ಥೈಮಿಡಿನ್. ನಮ್ಮ ಜೀವಕೋಶಗಳಿಗೆ ಬರೀ ಥೈಮಿನ್‌ನಿಂದ ಹೆಚ್ಚು ಉಪಯೋಗ ಇಲ್ಲ.

ಈಗ ಕೆಲಸಕ್ಕೆ ಬರೋಣ. ಒಬ್ಬರದೇ ರಕ್ತ, ಒಂದೇ ದಿನ, ಒಂದೇ ಲಾಟ್ (ಒಂದೇ ಸಲ ತಯಾರಾದ) ಸೀರಂ ಇಟ್ಟುಕೊಂಡು 199, ಆರ್‌ಪಿಎಂಐ ಎರಡರಲ್ಲೂ ಜೊತೆಗೇ ಕಲ್ಚರ್ ಹಾಕಿ. ಪ್ರತಿ ಮೀಡಿಯಂಗೂ ಔಷಧಿ ಇಲ್ಲದ ಒಂದು ಟ್ಯೂಬ್ ಬೇಕೇ ಬೇಕು. ಫೋಲೇಟ್ ಕಡಿಮೆ ಇರುವ ಮೀಡಿಯಂ ಒಂದೇ ಸಾಕು, ಔಷಧಿ ಇಲ್ಲದೆಯೂ ಒಂದಿಷ್ಟು ಒಡಕು ಮಾಡಬಲ್ಲದು. ಔಷಧಿ ಹಾಕದೆ, ಅದನ್ನು ಕರಗಿಸಲು ಬಳಸುವ ದ್ರವ ಮಾತ್ರ ಹಾಕಿದ ಟ್ಯೂಬ್ ಕೂಡ ಇಡಿ. ಮೆಥೋಟ್ರೆಕ್ಸೇಟ್ ಕರಗಿಸುವುದು ಕ್ಷಾರದಲ್ಲಿ, ಪಿಎಚ್ ಏರುಪೇರಾದರೆ ಅದೇ ಕ್ರೋಮೋಸೋಮ್ ಕೆಡಿಸಬಹುದು. ಇದು ಕ್ಯಾನ್ಸರ್ ಔಷಧಿ, ಗ್ಲೋವ್ಸ್ ಇಲ್ಲದೆ ಮುಟ್ಟಬೇಡಿ.

ಸೀರಂ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಎಲ್ಲರೂ ಮರೆಯುವುದು ಇಲ್ಲೇ. ಕರುವಿನ ಸೀರಂನಲ್ಲಿ ಫೋಲೇಟ್, ಥೈಮಿಡಿನ್ ಎರಡೂ ಇರುತ್ತವೆ. ಬಡ ಮೀಡಿಯಂಗೆ 15–20 ಪ್ರತಿಶತ ಸೀರಂ ಸುರಿದರೆ ಅದು ಬಡ ಮೀಡಿಯಂ ಆಗಿ ಉಳಿಯುವುದಿಲ್ಲ. ಡಯಾಲಿಸಿಸ್ ಮಾಡಿದ (ಸಣ್ಣ ಅಣುಗಳನ್ನು ಸೋಸಿ ತೆಗೆದ) ಸೀರಂ ಸಿಕ್ಕರೆ ಅದನ್ನೇ ಬಳಸಿ. ಇಲ್ಲದಿದ್ದರೆ 5 ಪ್ರತಿಶತಕ್ಕೆ ಇಳಿಸಿ, ಕೋಶಗಳು ಬೆಳೆಯುತ್ತವಾ ನೋಡಿ.

ಪಿಎಚ್‌ಎ (ಲಿಂಫೊಸೈಟ್‌ಗಳನ್ನು ವಿಭಜನೆಗೆ ಎಬ್ಬಿಸುವ ಪದಾರ್ಥ) ಹಾಕಿ 37 ಡಿಗ್ರಿಯಲ್ಲಿ 48 ಗಂಟೆ ಇಟ್ಟು ಔಷಧಿ ಸೇರಿಸಿ, 72ನೇ ಗಂಟೆಗೆ ಕೋಶಗಳನ್ನು ಹಾರ್ವೆಸ್ಟ್ ಮಾಡಿ, ಅಂದರೆ ಹೊರತೆಗೆಯಿರಿ. ಫೋಲೇಟ್ ಕೊರತೆಯೇ ನಿಮ್ಮ ಪ್ರಶ್ನೆಯಾಗಿದ್ದರೆ 96 ಗಂಟೆ ಬೇಕು, ಕೋಶದೊಳಗಿನ ದಾಸ್ತಾನು ಖಾಲಿಯಾಗಬೇಕಲ್ವಾ. ವಿಭಜನೆ ನಿಲ್ಲಿಸುವ ಕೊಲ್ಸೆಮಿಡ್, ಕೋಶ ಉಬ್ಬಿಸುವ ಕೆಸಿಎಲ್, ಕೋಶಗಳನ್ನು ಕೆಡದಂತೆ ಹಿಡಿದಿಡುವ ಮೂರಕ್ಕೊಂದು ಮೆಥನಾಲ್-ಅಸೆಟಿಕ್ ಆಸಿಡ್, ಬಣ್ಣ ಹಾಕುವ ಗೀಮ್ಸಾ ಎಲ್ಲಾ ಎಂದಿನಂತೆ.

ಇಷ್ಟಾದ ಮೇಲೆ ನಿಜವಾದ ಪರೀಕ್ಷೆ. ಅದೇ ಔಷಧಿ, ಅದೇ ಮೀಡಿಯಂ, ಆದರೆ ಒಂದು ಟ್ಯೂಬ್‌ಗೆ 10 ಮೈಕ್ರೋಮೋಲಾರ್ ಥೈಮಿಡಿನ್ ಸೇರಿಸಿ. ಇನ್ನೊಂದಕ್ಕೆ ಥೈಮಿಡಿನ್ ಜೊತೆ ಹೈಪೊಕ್ಸಾಂಥಿನ್. ಒಡಕು ಕಡಿಮೆಯಾದರೆ ಕಾರಣ ನಿಮ್ಮ ಕೈಗೆ ಸಿಕ್ಕಿತು. ಥೈಮಿಡಿನ್ ಜಾಸ್ತಿ ಹಾಕಬೇಡಿ, 2 ಮಿಲಿಮೋಲಾರ್‌ನಲ್ಲಿ ಅದೇ ಕೋಶಗಳನ್ನು ನಿಲ್ಲಿಸಿಬಿಡುತ್ತದೆ.

ಸ್ಲೈಡ್‌ನಲ್ಲಿ ಮೆಟಾಫೇಸ್ (ಕ್ರೋಮೋಸೋಮ್ ಎದ್ದು ಕಾಣುವ ವಿಭಜನೆಯ ಹಂತದಲ್ಲಿರುವ ಕೋಶಗಳು) ಕಡಿಮೆ ಸಿಕ್ಕರೆ "ಹಾನಿ ಇಲ್ಲ" ಎಂದು ಬರೆಯಬೇಡಿ. ಮೆಥೋಟ್ರೆಕ್ಸೇಟ್ ಕೋಶಗಳನ್ನು ಡಿಎನ್‌ಎ ನಕಲಾಗುವ ಹಂತದಲ್ಲೇ ತಡೆಯುತ್ತದೆ. ತೀರಾ ಹಾನಿಯಾದ ಕೋಶಗಳು ಮೆಟಾಫೇಸ್‌ವರೆಗೆ ಬರುವುದೇ ಇಲ್ಲ. ಅದಕ್ಕೇ ಮೈಟೋಟಿಕ್ ಇಂಡೆಕ್ಸ್, ಅಂದರೆ ಎಷ್ಟು ಕೋಶಗಳು ವಿಭಜನೆಯಲ್ಲಿವೆ ಅನ್ನುವ ಪ್ರಮಾಣ, ಮೊದಲು ಎಣಿಸಿ. ಆಮೇಲೆ ಬೇರೆಯವರಿಂದ ಸ್ಲೈಡ್‌ಗಳಿಗೆ ಕೋಡ್ ಹಾಕಿಸಿ, ಯಾವ ಸ್ಲೈಡ್ ಯಾವುದೆಂದು ಎಣಿಸುವವರಿಗೆ ಗೊತ್ತಾಗಬಾರದು. ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 473ನೇ ಮಾರ್ಗಸೂಚಿ ಕೇಳುವಂತೆ ಪ್ರತಿ ಡೋಸ್‌ಗೆ 300 ಮೆಟಾಫೇಸ್ ನೋಡಿ. ಗ್ಯಾಪ್‌ಗಳನ್ನು (ಬಣ್ಣ ಹಿಡಿಯದ ಕಿರಿದಾದ ಜಾಗಗಳನ್ನು) ಬೇರೆ ಸಾಲಿನಲ್ಲಿ ಬರೆಯಿರಿ, ಒಡಕಿನ ಜೊತೆ ಸೇರಿಸಬೇಡಿ.

ಮೀಡಿಯಂ ಬಗ್ಗೆ ಇಷ್ಟೊಂದು ಹಠ ಯಾಕೆ ಅಂತ ಮಕ್ಕಳು ಕೇಳಿದಾಗ ನಾನು ಫ್ರಜೈಲ್ ಎಕ್ಸ್ ಎಂಬ ಆನುವಂಶಿಕ ಕಾಯಿಲೆಯ ಕತೆ ಹೇಳುತ್ತೇನೆ. ಬುದ್ಧಿ ಬೆಳವಣಿಗೆ ಕುಂಠಿತವಾದ ಒಂದು ಕುಟುಂಬದ ಗಂಡಸರಲ್ಲಿ ಎಕ್ಸ್ ಕ್ರೋಮೋಸೋಮ್‌ನ ತುದಿ ತುಂಡಾದಂತೆ ಕಾಣುವುದನ್ನು ಹರ್ಬರ್ಟ್ ಲಬ್ಸ್ 1969ರಲ್ಲಿ ವರದಿ ಮಾಡಿದರು. ಆಮೇಲೆ ಹಲವು ಲ್ಯಾಬ್‌ಗಳಿಗೆ ಅದು ಕಾಣಲೇ ಇಲ್ಲ. 1977ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಗ್ರಾಂಟ್ ಸದರ್ಲೆಂಡ್ ಗುಟ್ಟು ಬಿಡಿಸಿದರು. ಕಾರಣ ಮೀಡಿಯಂ. ಬಡ 199ರಲ್ಲಿ ಕಾಣುವ ಗುರುತು ಶ್ರೀಮಂತ ಮೀಡಿಯಂನಲ್ಲಿ ಮರೆಯಾಗುತ್ತಿತ್ತು. ಅಷ್ಟು ವರ್ಷ ಎಷ್ಟು ಮನೆಯವರು ಉತ್ತರ ಇಲ್ಲದೆ ವಾಪಸ್ ಹೋಗಿರಬಹುದು ಅಂತ ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

ಗಿಡಮೂಲಿಕೆ ಸಾರ ಪರೀಕ್ಷಿಸುವವರಿಗೂ ಒಂದು ಮಾತು. ಟೀ ಎಲೆಯ ಕ್ಯಾಟೆಚಿನ್‌ನಂಥ ಪಾಲಿಫಿನಾಲ್‌ಗಳು ಮೀಡಿಯಂನಲ್ಲೇ ಆಕ್ಸಿಡೈಸ್ ಆಗಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ. ಮೀಡಿಯಂನಲ್ಲಿ ಪೈರುವೇಟ್ ಎಂಬ ಪೋಷಕಾಂಶ ಇದ್ದರೆ ಅದು ಈ ಪೆರಾಕ್ಸೈಡನ್ನು ನುಂಗಿಹಾಕುತ್ತದೆ, ಇಲ್ಲದಿದ್ದರೆ ಕ್ರೋಮೋಸೋಮ್‌ಗೆ ಪೆಟ್ಟು. ಪೆರಾಕ್ಸೈಡ್ ಒಡೆಯುವ ಕಿಣ್ವ ಕೆಟಲೇಸ್ ಹಾಕಿದ ಒಂದು ಟ್ಯೂಬ್ ಜೊತೆಗಿಡಿ. ಅದರಲ್ಲಿ ಹಾನಿ ಮಾಯವಾದರೆ ಪೆಟ್ಟು ಕೊಟ್ಟದ್ದು ಪೆರಾಕ್ಸೈಡ್.

ನೋಟ್‌ಬುಕ್‌ನಲ್ಲಿ "ಮೀಡಿಯಂ: ಆರ್‌ಪಿಎಂಐ" ಅಂತ ಬರೆದರೆ ನಾನು ಸಹಿ ಹಾಕುವುದಿಲ್ಲ. ಕ್ಯಾಟಲಾಗ್ ನಂಬರ್, ಲಾಟ್ ನಂಬರ್, ಬಾಟಲಿ ತೆರೆದ ತಾರೀಕು, ಸೀರಂ ಎಷ್ಟು, ಅದರ ಲಾಟ್ ಯಾವುದು, ಇಷ್ಟೂ ಬೇಕು.