ಕೆಂಪಿದ್ದರೆ ಖಾರವೇ? ಮೆಣಸಿನಕಾಯಿ ಆರಿಸಲು ಕಣ್ಣು, ಮೂಗು, ನಾಲಿಗೆಯನ್ನು ಬೇರೆ ಬೇರೆ ಬಳಸುವ ಬಗೆ

ಬೇಸಿಗೆ ಹತ್ತಿರವಾದಂತೆ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಮನೆಗಳಲ್ಲಿ ವರ್ಷದ ಖಾರಕ್ಕೆ ಮೆಣಸಿನಕಾಯಿ ತರುವ ಕೆಲಸ ಶುರು. ಅಂಗಡಿಯ ಮುಂದೆ ನಿಂತವರ ಬಾಯಲ್ಲಿ ಸಾಮಾನ್ಯವಾಗಿ ಬರುವ ಮಾತು: "ಎಷ್ಟ್ ಕೆಂಪದ ನೋಡ್ರಿ, ಭಾಳ ಖಾರ ಇರಬೇಕು." ಬಣ್ಣದ ಮಟ್ಟಿಗೆ ಕಣ್ಣು ಹೇಳಿದ್ದು ಸರಿ. ಖಾರದ ವಿಷಯ ಮಾತ್ರ ಕಣ್ಣಿಗೆ ತಿಳಿಯುವಂಥದ್ದಲ್ಲ.

ಬಣ್ಣ ಇರುವುದು ಕಾಯಿಯ ಸಿಪ್ಪೆಯಲ್ಲಿ, ಮುಖ್ಯವಾಗಿ ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯದಿಂದ. ಖಾರ ಕೊಡುವ ಕ್ಯಾಪ್ಸೈಸಿನ್ ಹುಟ್ಟುವುದು ಕಾಯಿಯೊಳಗೆ ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಬೀಜದಲ್ಲೇ ಖಾರ ಎಂದು ಹಲವರು ನಂಬಿದ್ದಾರೆ. ಬೀಜಕ್ಕೆ ತಗಲಿರುವುದು ಆ ತಿರುಳಿನ ಖಾರ. ಕ್ಯಾಪ್ಸೈಸಿನ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಾಗಾಗಿ 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಕಾಯಿ ಕಡುಗೆಂಪಿದ್ದರೂ ಖಾರ ಕಡಿಮೆ. ಗುಂಟೂರು ಕಾಯಿಯ ಬಣ್ಣ ಅಷ್ಟಿಲ್ಲದಿದ್ದರೂ ಖಾರ ಜಾಸ್ತಿ. ಎರಡನ್ನೂ ಬೆರೆಸಿ ಕುಟ್ಟಿಸುವವರಿಗೆ ಇದು ರೂಢಿಯಿಂದ ಗೊತ್ತು. ಆದರೂ ತಟ್ಟೆಯಲ್ಲಿ ಕೆಂಪು ಕಂಡ ಕೂಡಲೇ ಮಿದುಳು ಖಾರಕ್ಕೆ ತಯಾರಾಗಿಬಿಡುತ್ತದೆ, ನಾಲಿಗೆಯ ವರದಿ ಬರುವ ಮೊದಲೇ ಅರ್ಧ ತೀರ್ಪು ಬರೆದಿರುತ್ತದೆ. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಬೋರ್ಡೋದ ಒಂದು ಪ್ರಯೋಗದಲ್ಲಿ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ವೈನ್ ವಿದ್ಯೆ ಕಲಿಯುತ್ತಿದ್ದ 54 ವಿದ್ಯಾರ್ಥಿಗಳು ಅದರ ಪರಿಮಳವನ್ನು ಕೆಂಪು ವೈನಿನ ಮಾತುಗಳಲ್ಲೇ ಬಣ್ಣಿಸಿದ್ದರು. ಕಲಿತವರ ಮೂಗೂ ಕಣ್ಣಿನ ಹಿಂದೆ ಹೋಗುತ್ತದೆ ಎಂದಾದರೆ, ಒಂದೊಂದು ಇಂದ್ರಿಯವನ್ನೂ ಬೇರೆಯಾಗಿ ಕೇಳುವುದೇ ದಾರಿ.

ಕೈ ಮತ್ತು ಕಿವಿ

ಇವೆರಡರ ಕೆಲಸ ಬೇಗ ಮುಗಿಯುತ್ತದೆ. ಒಂದು ಹಿಡಿ ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ: ಒಣಗಿದ್ದರೆ ಬೀಜ ಗಲಗಲ ಅನ್ನುತ್ತದೆ. ಕಾಯಿ ಮಡಚಿದರೆ ಸಿಪ್ಪೆ ಬಿರಿಯಬೇಕು. ತೊಗಲಿನಂತೆ ಬಾಗಿದರೆ ಒಳಗೆ ತೇವ ಉಳಿದಿದೆ, ಡಬ್ಬದಲ್ಲಿ ಬೂಸ್ಟು ಬರುತ್ತದೆ. ಬಿಳಿ ಕಾಗದದ ಮೇಲೆ ಒತ್ತಿ ಉಜ್ಜಿ ನೋಡಿ. ಎಣ್ಣೆ ಕಲೆ ಬಿದ್ದರೆ ಆ ಹೊಳಪು ಸವರಿದ ಎಣ್ಣೆಯದು.

ಕಣ್ಣು

ರಾಶಿಯ ಮೇಲೆ ನೋಡಬೇಡಿ. ಬಿಳಿಚಿದ ಕಾಯಿಗಳ ಪಕ್ಕ ಇಟ್ಟ ಸಾಧಾರಣ ಕಾಯಿಯೂ ಕಡುಗೆಂಪಾಗಿ ಕಾಣುತ್ತದೆ. ಕೆಂಪು ತಾಡಪತ್ರಿಯ ಕೆಳಗೆ, ಹಳದಿ ಬಲ್ಬಿನ ಕೆಳಗೆ ಎಲ್ಲ ಕಾಯಿಯೂ ಚೆಂದವೇ. ಹತ್ತು ಕಾಯಿ ಬಿಳಿ ಹಾಳೆಯ ಮೇಲೆ ಹರಡಿ, ಹಗಲಿನ ನೆರಳಿನಲ್ಲಿ ನೋಡಿ. ಎರಡು ಮಾದರಿಯಿದ್ದರೆ ಒಂದೇ ಹಾಳೆಯ ಮೇಲೆ ಪಕ್ಕಪಕ್ಕ ಇಡಿ. ಬಣ್ಣದ ನೆನಪು ಬಲು ದುರ್ಬಲ, ಒಂದು ಅಂಗಡಿಯಿಂದ ಇನ್ನೊಂದಕ್ಕೆ ನಡೆಯುವಷ್ಟರಲ್ಲಿ ಜಾರಿಹೋಗುತ್ತದೆ.

ಪುಡಿಯಾದರೆ ಒಂದು ಲೋಟ ನೀರಿನ ಮೇಲೆ ಚಿಟಿಕೆ ಉದುರಿಸಿ. ನೀರಿನಲ್ಲಿ ಕರಗುವ ಕೃತಕ ಬಣ್ಣವಿದ್ದರೆ ಕೆಂಪು ಗೆರೆಗಳು ಕೂಡಲೇ ಕೆಳಗಿಳಿಯುತ್ತವೆ. ಮೆಣಸಿನಕಾಯಿಯ ಸ್ವಂತ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು, ನೀರಿನಲ್ಲಿ ಹಾಗೆ ಹರಿಯದು. ಆದರೆ ಸುಡಾನ್ ತರಹದ ಕೃತಕ ಬಣ್ಣಗಳೂ ಎಣ್ಣೆಯಲ್ಲೇ ಕರಗುತ್ತವೆ, ಈ ಪರೀಕ್ಷೆಗೆ ಸಿಗುವುದಿಲ್ಲ; ಅದಕ್ಕೆ ಪ್ರಯೋಗಾಲಯವೇ ಬೇಕು. ಇಡಿ ಕಾಯಿ ತಂದು ಕುಟ್ಟಿಸುವುದು ಒಳ್ಳೆಯದು ಎನ್ನುವುದಕ್ಕೆ ದೊಡ್ಡ ಕಾರಣ ಇದೇ.

ಮೂಗು

ಕಾಯಿ ಮುರಿದು, ಅಂಗೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿ ಮೂಸಿ. ಒಳ್ಳೆಯ ಕಾಯಿಗೆ ಒಣಹಣ್ಣಿನ ಹಾಗೆ ತುಸು ಸಿಹಿಯಾದ ವಾಸನೆ; ಮುಗ್ಗಲು ವಾಸನೆ ಬಂದರೆ ಅಲ್ಲಿಗೆ ಬಿಟ್ಟುಬಿಡಿ. ಮೂಗು ಬೇಗ ಸೋಲುತ್ತದೆ. ಮೂರು ನಾಲ್ಕು ಮಾದರಿಯಾದ ಮೇಲೆ ಅಂಗಡಿಯಿಂದ ಹೊರಗೆ ಬಂದು ಎರಡು ನಿಮಿಷ ನಿಲ್ಲಿ. ಸೀನು ಬಂದರೆ ಅದನ್ನು ಪರಿಮಳದ ಲೆಕ್ಕಕ್ಕೆ ಹಿಡಿಯಬೇಡಿ, ಅದು ಮುಖದ ನರಕ್ಕೆ ತಟ್ಟಿದ ಉರಿ.

ನಾಲಿಗೆ, ಕಣ್ಣಿಗೆ ಬಟ್ಟೆ ಕಟ್ಟಿ

ಇಲ್ಲಿ ತಾಳ್ಮೆ ಬೇಕು. ಖಾರ ಎನ್ನುವುದು ಸಿಹಿ, ಹುಳಿ, ಉಪ್ಪು, ಕಹಿಗಳ ಸಾಲಿನ ರುಚಿಯಲ್ಲ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ತೆರೆದುಕೊಳ್ಳುವ ಟಿಆರ್‌ಪಿವಿ1 ಎಂಬ ನರದ ಬಾಗಿಲನ್ನೇ ಕ್ಯಾಪ್ಸೈಸಿನ್ ಕೂಡ ತೆರೆಯುತ್ತದೆ. ಬಾಯಿ ಸುಟ್ಟಿದೆ ಎಂದು ಮಿದುಳಿಗೆ ಅನ್ನಿಸುತ್ತದೆ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಇದನ್ನು ಗುರುತಿಸಿತು, 2021ರ ವೈದ್ಯಕೀಯ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಬಿಸಿ ಸಾರು ತಣ್ಣನೆಯ ಸಾರಿಗಿಂತ ಖಾರ ಅನ್ನಿಸುವುದೂ ಇದರಿಂದಲೇ. ಆದ್ದರಿಂದ ಮಾದರಿಗಳೆಲ್ಲ ಒಂದೇ ಹದದಲ್ಲಿ, ಬೆರಳಿಗೆ ಬಿಸಿಯೂ ತಂಪೂ ತಾಗದಷ್ಟು ಉಗುರುಬೆಚ್ಚಗಿರಲಿ.

ಪ್ರತಿ ಮಾದರಿಗೆ ಮೆತ್ತಗೆ ಬೆಂದ ಅನ್ನ 250 ಗ್ರಾಂ, ಮಟ್ಟಸವಾಗಿ 1 ಟೀಚಮಚ ಪುಡಿ (ಸುಮಾರು 2.5 ಗ್ರಾಂ), 1 ದೊಡ್ಡ ಚಮಚ ಶೇಂಗಾ ಎಣ್ಣೆ, ಅರ್ಧ ಟೀಚಮಚ ಉಪ್ಪು. ಎಣ್ಣೆ ಬೆಚ್ಚಗೆ ಮಾಡಿ ಪುಡಿ ಕಲಸಿ, ಹೊಗೆ ಏಳುವಷ್ಟು ಕಾಯಿಸಬೇಡಿ. ಸೀದರೆ ಕಹಿಯೇ ಮುಂದಾಗುತ್ತದೆ. ನಂತರ ಅನ್ನಕ್ಕೆ ಹಾಕಿ ಚೆನ್ನಾಗಿ ನಾದಿ. ಮೊಸರು ಬೇಡ, ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನ್ ಖಾರವನ್ನು ಹಿಡಿದುಬಿಡುತ್ತದೆ. ಬಾಯಿ ತೊಳೆಯಲು ಮಾತ್ರ ಹಾಲು ಬೇಕೇ ಬೇಕು: ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದ ಕಾರಣ ನೀರು ಕುಡಿದರೆ ಉರಿ ಹೋಗದು.

ತಿನ್ನುವ ಒಂದು ತಾಸು ಮೊದಲಿನಿಂದ ಚಹಾ, ಎಲೆ ಅಡಿಕೆ, ಗುಟ್ಕಾ ಬೇಡ. ನೆಗಡಿಯಾದವರು, ಬಾಯಿಹುಣ್ಣು ಅಥವಾ ಹೊಟ್ಟೆಯ ಅಲ್ಸರ್ ಇರುವವರು, ಸಣ್ಣ ಮಕ್ಕಳು ಕೂರಬಾರದು.

ಎರಡು ಕಾಯಿಗಳ ನಡುವೆ ಮನೆಯವರಿಗೆ ನಿಜವಾಗಿ ವ್ಯತ್ಯಾಸ ತಿಳಿಯುತ್ತದೆಯೇ ಎಂದು ಮೊದಲು ನೋಡಿ. ಒಬ್ಬೊಬ್ಬರಿಗೆ ಮೂರು ಬಟ್ಟಲು: ಎರಡರಲ್ಲಿ ಒಂದೇ ಮಾದರಿ, ಒಂದರಲ್ಲಿ ಬೇರೆ. "ಯಾವುದು ಬೇರೆ?" ಇಷ್ಟೇ ಪ್ರಶ್ನೆ. ಬಟ್ಟಲಿಗೆ 1, 2, 3 ಎಂದು ಬರೆದರೆ ಮೊದಲಿನದರ ಕಡೆಗೆ ಮನಸ್ಸು ವಾಲುತ್ತದೆ, 417, 862 ತರಹದ ಸಂಖ್ಯೆ ಬರೆಯಿರಿ. ಬಟ್ಟಲು ಜೋಡಿಸಿದವರೇ ಬಡಿಸಬಾರದು, ಅವರ ಮುಖವೇ ಉತ್ತರ ಹೇಳಿಬಿಡುತ್ತದೆ. ಯಾವ ಮಾದರಿ ಎರಡು ಬಟ್ಟಲಲ್ಲಿ, ಬೇರೆಯದು ಎಷ್ಟನೆಯ ಬಟ್ಟಲಲ್ಲಿ ಎಂಬುದನ್ನು ಬದಲಿಸಿದರೆ ಮೂರು ಬಟ್ಟಲು ಇಡಲು ಆರು ಕ್ರಮಗಳಿವೆ. 12 ಜನ ಸಿಕ್ಕರೆ ಒಂದೊಂದು ಕ್ರಮ ಇಬ್ಬರಿಗೆ ಬರುತ್ತದೆ. ಕಣ್ಣಿಗೆ ಬಟ್ಟೆ ಬೇಡವೆನಿಸಿದರೆ ದೇವರ ಕೋಣೆಯ ಕೆಂಪು ಝೀರೊ ಬಲ್ಬ್ ಒಂದನ್ನೇ ಹಚ್ಚಿ. ಆ ಬೆಳಕಿನಲ್ಲಿ ಎರಡು ಕೆಂಪುಗಳ ನಡುವಿನ ವ್ಯತ್ಯಾಸ ಅಳಿಸಿಹೋಗುತ್ತದೆ.

ಒಂದು ಚಮಚ ತಿಂದು 45 ಸೆಕೆಂಡು ಕಾಯಿರಿ, ಉರಿ ತಡವಾಗಿ ಏರುತ್ತದೆ. ಎರಡು ಗುಟುಕು ಹಾಲು, ಐದು ನಿಮಿಷ ಬಿಡುವು, ನಂತರ ಮುಂದಿನದು. ಅವಸರ ಮಾಡಿದರೆ ಹಿಂದಿನ ಉರಿ ಮುಂದಿನ ಬಟ್ಟಲಿನ ಲೆಕ್ಕಕ್ಕೆ ಸೇರುತ್ತದೆ. ಇಡೀ ಪರೀಕ್ಷೆ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ.

ಊಹೆಯಿಂದ ಹೇಳಿದರೂ ಮೂವರಲ್ಲಿ ಒಬ್ಬರದು ಸರಿಯಾಗುತ್ತದೆ, ಅಂದರೆ 12ರಲ್ಲಿ 4. ಎಂಟು ಜನ ಸರಿ ಹೇಳಿದರೆ ವ್ಯತ್ಯಾಸ ನಿಜವೆಂದು ಹಿಡಿಯಬಹುದು. ಅದಕ್ಕಿಂತ ಕಡಿಮೆಯಾದರೆ ರುಚಿಗಾಗಿ ಹೆಚ್ಚು ಬೆಲೆ ಕೊಡಬೇಕಾಗಿಲ್ಲ, ಬಣ್ಣ ಬೇಕಿದ್ದರೆ ಮಾತ್ರ ಕೊಡಿ. ಬಣ್ಣಕ್ಕೆ ದುಡ್ಡು ಕೊಡುವುದು ತಪ್ಪೇನಲ್ಲ: ಬ್ಯಾಡಗಿ ಕಾಯಿಯಿಂದ ಒಲಿಯೊರೆಸಿನ್ (ಕಾಯಿಯ ಗಟ್ಟಿ ಎಣ್ಣೆಸಾರ) ತೆಗೆಯುವವರು ಕೊಳ್ಳುವುದೂ ಬಣ್ಣವನ್ನೇ.

ವ್ಯತ್ಯಾಸ ಸಿಕ್ಕರೆ ಬ್ಯಾಡಗಿ ಮೂರು ಪಾಲು, ಗುಂಟೂರು ಒಂದು ಪಾಲು ಬೆರೆಸಿ ಶುರು ಮಾಡಿ, ಮೇಲೆ ಕೆಳಗೆ ಹೊಂದಿಸಿ. ಅಂತಿಮ ಮಿಶ್ರಣವನ್ನು ಒಮ್ಮೆ ಕತ್ತಲಲ್ಲಿ, ಒಮ್ಮೆ ಬೆಳಕಿನಲ್ಲಿ ತಿಂದು ಖಾರಕ್ಕೆ ಹತ್ತರಲ್ಲಿ ಅಂಕ ಹಾಕಿಸಿ. ಬೆಳಕಿನ ಅಂಕ ಮೇಲೇರಿದರೆ ಆ ಹೆಚ್ಚುವರಿ ಖಾರ ಕಣ್ಣಿನದು. ಊಟ ನಡೆಯುವುದು ಬೆಳಕಿನಲ್ಲೇ, ಹಾಗಾಗಿ ಅದನ್ನೂ ಲೆಕ್ಕಕ್ಕೆ ಹಿಡಿದು ಗುಂಟೂರಿನ ಪಾಲು ಸ್ವಲ್ಪ ಇಳಿಸಬಹುದು.

ಕಾಯಿ ಮುಟ್ಟಿದ ಕೈಗೆ ಮೊದಲು ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಸಾಬೂನು. ಮುಂದಿನ ವರ್ಷದ ಹೋಲಿಕೆಗೆ 50 ಗ್ರಾಂ ಇಡಿ ಕಾಯಿಯನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಡಿ. ಬೆಳಕು, ಗಾಳಿ ತಾಗಿದರೆ ಬಣ್ಣ ಮಾಸುತ್ತದೆ. ಹೊರತೆಗೆದ ಮೇಲೆ ಚೀಲದ ತಂಪು ಪೂರ್ತಿ ಹೋಗುವವರೆಗೆ ಬಿಚ್ಚಬೇಡಿ, ಇಲ್ಲದಿದ್ದರೆ ಹನಿಗಟ್ಟಿ ಕಾಯಿ ಮೆತ್ತಗಾಗುತ್ತದೆ.